ನಾಲ್ಕು ವಾರ, ಹನ್ನೊಂದು ಹೊಂಡ, ಒಂದು ಮೂಲೆ

ಬಾತು ಹೊಡೆಯಲು ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾಗಡಿ ಕೆರೆಯ ದಂಡೆಯ ಮೇಲೆ ಬೆಳೆದವನು ನೀನು, ತಮ್ಮಾ" ಎಂದಷ್ಟೇ ಅಂದಳು. ಗದಗ ಜಿಲ್ಲೆಯ ಆ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಅವು ನಮ್ಮ ಶೇಂಗಾ ಹೊಲಕ್ಕೆ ಇಳಿದಾಗ ಅಪ್ಪ ಡಬ್ಬಿ ಬಡಿದು ಎಬ್ಬಿಸುತ್ತಿದ್ದನೇ ಹೊರತು ಒಂದು ಕಲ್ಲನ್ನೂ ಎತ್ತಿದವನಲ್ಲ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಬಂದೂಕು ಹಿಡಿದು ನಿಂತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲು. ಇಲ್ಲಿ, ಅಮೆರಿಕದ ಮಿನ್ನೆಸೋಟಾದಲ್ಲಿ, ಅದೇ ಕೆಲಸಕ್ಕೆ ಸರ್ಕಾರವೇ ಬಣ್ಣದ ಸ್ಟ್ಯಾಂಪ್ ಮಾರುತ್ತದೆ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ನನಗಿನ್ನೂ ಪೂರ್ತಿ ಒಗ್ಗಿಲ್ಲ. ಆ ವಾದ ಇಲ್ಲಿ ಬೇಡ. ನನ್ನ ಹಾಗೆ ಹೊಸದಾಗಿ ಇದಕ್ಕೆ ಕೈಹಾಕುವವರು ಎಲ್ಲಿ ಎಡವುತ್ತಾರೆ ಎಂಬುದನ್ನು ಮಾತ್ರ ಬರೆಯುತ್ತೇನೆ, ಏಕೆಂದರೆ ನಾನು ಎಲ್ಲ ಕಡೆಯೂ ಎಡವಿದ್ದೇನೆ.

ನನ್ನನ್ನು ಇದಕ್ಕೆ ಎಳೆದವರು ಪಕ್ಕದ ಮನೆಯ ಅಜ್ಜ. ಎಪ್ಪತ್ತು ದಾಟಿದ ಮನುಷ್ಯ, ಜೊತೆಗೆ ಅಷ್ಟೇ ಮುದಿಯಾದ ಕಪ್ಪು ಲ್ಯಾಬ್ರಡಾರ್ ನಾಯಿ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಕೆಸರಿನಲ್ಲಿ ನಡೆಯಲು ಆಗುತ್ತಿರಲಿಲ್ಲ. "ಬೇಟೆಯೆಂದರೆ ಒಂದು ಬೆಳಗಿನ ಕೆಲಸ, ಜಾಗ ಹುಡುಕುವುದೇ ತಿಂಗಳ ಕೆಲಸ. ಅದನ್ನು ನೀನು ಮಾಡು, ನಾನು ಹೇಳಿಕೊಡುತ್ತೇನೆ" ಎಂದರು. ಹುಡುಕುವುದಷ್ಟೇ ತಾನೇ ಎಂದು ಒಪ್ಪಿಕೊಂಡೆ.

ಮೊದಲು ಕಾಗದಪತ್ರ. ಇದನ್ನು ಆಗಸ್ಟ್‌ನಲ್ಲೇ ಮುಗಿಸಿಕೊಳ್ಳಿ. 1979ರ ಡಿಸೆಂಬರ್ 31ರ ನಂತರ ಹುಟ್ಟಿದವರಿಗೆ ಇಲ್ಲಿ ಬಂದೂಕು ಸುರಕ್ಷತೆಯ ಪ್ರಮಾಣಪತ್ರವಿಲ್ಲದೆ ಬೇಟೆಯ ಲೈಸೆನ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ. ವಯಸ್ಕರು ಆನ್‌ಲೈನ್‌ನಲ್ಲೇ ಕಲಿತು ಪರೀಕ್ಷೆ ಬರೆಯಬಹುದು. ನನಗೆ ಮೂರು ರಾತ್ರಿ ಹಿಡಿಯಿತು. ಆಮೇಲೆ ಸ್ಮಾಲ್ ಗೇಮ್ ಲೈಸೆನ್ಸ್, ಅಂದರೆ ಸಣ್ಣ ಪ್ರಾಣಿಪಕ್ಷಿಗಳ ಬೇಟೆಯ ಪರವಾನಗಿ. ರಾಜ್ಯದ ನಿವಾಸಿಯಾಗಿ ನಾನು ಕೊಟ್ಟದ್ದು 22 ಡಾಲರ್. ಅದರ ಮೇಲೆ ರಾಜ್ಯದ ಜಲಪಕ್ಷಿ ಸ್ಟ್ಯಾಂಪ್ ಏಳೂವರೆ ಡಾಲರ್, ಫೆಡರಲ್ ಡಕ್ ಸ್ಟ್ಯಾಂಪ್ 25 ಡಾಲರ್. ಈ ಕೊನೆಯದು 1934ರಿಂದ ಬಂದಿರುವ ಪದ್ಧತಿ. ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗುನೆಲ ಕೊಳ್ಳುವುದಕ್ಕೂ ಉಳಿಸುವುದಕ್ಕೂ ಹೋಗುತ್ತದೆ ಎಂದು ತಿಳಿದಾಗ, ಅವ್ವನಿಗೆ ಹೇಳಲು ಒಂದು ಮಾತು ಸಿಕ್ಕಿತಲ್ಲ ಎನಿಸಿತು. ಕಾಗದದ ಸ್ಟ್ಯಾಂಪ್ ಇಟ್ಟುಕೊಂಡರೆ ಅದರ ಮೇಲೆ ಶಾಯಿಯಲ್ಲಿ ಅಡ್ಡಲಾಗಿ ಸಹಿ ಹಾಕಲು ಮರೆಯಬೇಡಿ. ಸಹಿ ಇಲ್ಲದ ಸ್ಟ್ಯಾಂಪ್ ಇದ್ದೂ ಇಲ್ಲದ ಹಾಗೆ.

ನಾನು ಸಿಕ್ಕಿಬಿದ್ದದ್ದು ಇನ್ನೊಂದರಲ್ಲಿ. ಲೈಸೆನ್ಸ್ ಕೊಡುವಾಗ, ವಲಸೆ ಹಕ್ಕಿಗಳನ್ನು ಬೇಟೆಯಾಡುತ್ತೀರಾ, ಕಳೆದ ವರ್ಷ ಎಷ್ಟು ಹೊಡೆದಿರಿ ಎಂಬ ಒಂದೆರಡು ಪ್ರಶ್ನೆ ಕೇಳಿ ದಾಖಲಿಸಬೇಕು. ಇದಕ್ಕೆ ಹಿಪ್ ಎನ್ನುತ್ತಾರೆ. ಅಂಗಡಿಯ ಹುಡುಗ ಕೇಳಲಿಲ್ಲ, ನನಗೆ ಗೊತ್ತಿರಲಿಲ್ಲ. ಅಜ್ಜ ಕನ್ನಡಕ ಏರಿಸಿ ನನ್ನ ರಸೀದಿ ಓದಿ, "ಹಿಪ್ ಎಲ್ಲಿ?" ಎಂದಾಗಲೇ ತಿಳಿದದ್ದು. ಮತ್ತೆ ಹೋಗಿ ಸಾಲಿನಲ್ಲಿ ನಿಂತೆ. ನಿಮ್ಮ ರಸೀದಿಯನ್ನು ಅಂಗಡಿಯ ಬಾಗಿಲು ದಾಟುವ ಮೊದಲೇ ಓದಿ.

ಬಂದೂಕಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ನನ್ನದು ಹಸಿರು ಕಾರ್ಡು, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ, ಆದ್ದರಿಂದ ಕೊಳ್ಳಲು ಅಡ್ಡಿಯಿರಲಿಲ್ಲ. 4473 ಸಂಖ್ಯೆಯ ಫಾರ್ಮ್ ತುಂಬಿದೆ, ಹಿನ್ನೆಲೆ ಪರಿಶೀಲನೆಯ ಉತ್ತರ 'ವಿಳಂಬ' ಎಂದು ಬಂತು. ತಪ್ಪು ಮಾಡದವನಿಗೂ ಆ ಪದ ಕೇಳಿದರೆ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ. ನಾಲ್ಕು ದಿನ ಅಂಗಡಿಯಿಂದ ಫೋನ್ ಬರುತ್ತದೆಯೇ ಎಂದು ಕಾದೆ, ಐದನೆಯ ದಿನ ಬಂತು. ವೀಸಾದ ಮೇಲೆ ಇರುವವರಿಗೆ ಒಂದು ಎಚ್ಚರಿಕೆ: ಎಚ್-1ಬಿಯಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಗೆಳೆಯನ ಬಂದೂಕನ್ನು ಎರವಲು ಪಡೆಯುವ ಮೊದಲು ಕೂಡ ವಕೀಲರನ್ನು ಕೇಳಿಕೊಳ್ಳಿ. ಫೋಟೋ ತೆಗೆಸಿಕೊಳ್ಳುವ ಆಸೆಗೆ ವೀಸಾ ಕಳೆದುಕೊಳ್ಳಬೇಡಿ.

ನಾನು ಕೊಂಡದ್ದು 250 ಡಾಲರಿನ ಹಳೆಯ ಕೋವಿ. ಬಾತುಬೇಟೆಗೆ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯುವಂತಿರಬಾರದು, ಇದರಲ್ಲಿ ಐದು ಹಿಡಿಯುತ್ತಿತ್ತು. ಅಜ್ಜ ಗ್ಯಾರೇಜಿನಲ್ಲಿ ಒಂದು ಮರದ ಕೋಲು ಹುಡುಕಿ, ಅಳೆದು, ಚಾಕುವಿನಿಂದ ಕೆತ್ತಿ, ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಮೂರಕ್ಕಿಂತ ಹೆಚ್ಚು ಹಿಡಿಯದಂತೆ ತೋಟಾ ತುಂಬುವ ಕೊಳವೆಯೊಳಗೆ ಇಳಿಸಿದರು. ಅರ್ಧ ಗಂಟೆಯ ಆ ಕೆಲಸದಲ್ಲಿ ಅವರಾಡಿದ್ದು ಒಂದೇ ಮಾತು: "ಸೀಸದ ತೋಟಾ ಒಂದೇ ಒಂದು ಜೇಬಿನಲ್ಲಿ ಉಳಿದಿದ್ದರೂ ದಂಡ." 1991ರಿಂದ ದೇಶದಾದ್ಯಂತ ಜಲಪಕ್ಷಿ ಬೇಟೆಗೆ ಸೀಸದ ಚರೆ ನಿಷಿದ್ಧ. ಕೆಸರಿಗೆ ಬಿದ್ದ ಸೀಸವನ್ನು ಬಾತುಗಳು ಕಾಳಿನ ಜೊತೆ ನುಂಗಿ ಸಾಯುತ್ತಿದ್ದವು. ಈಗ ಉಕ್ಕಿನ ಚರೆಯಂಥ ವಿಷರಹಿತವಾದದ್ದನ್ನೇ ಬಳಸಬೇಕು.

ಇನ್ನು ಹುಡುಕಾಟ. ಮಿನ್ನೆಸೋಟಾದ ಪಶ್ಚಿಮ ಭಾಗದಲ್ಲಿ, ಫರ್ಗಸ್ ಫಾಲ್ಸ್ ಊರಿನ ಸುತ್ತ, ಹಿಮನದಿಗಳು ಹಿಂದೆ ಸರಿಯುವಾಗ ಬಿಟ್ಟುಹೋದ ಹೊಂಡಗಳು ಸಾವಿರಾರು. ಪ್ರೇರಿ ಪಾಟ್‌ಹೋಲ್ ಎನ್ನುವುದು ಇವಕ್ಕೇ. ಉತ್ತರ ಅಮೆರಿಕದ ಬಾತುಗಳಿಗೆ ಇದು ತವರುಮನೆ. ನನ್ನ ಮನೆಯಿಂದ ಅಲ್ಲಿಗೆ 280 ಕಿಲೋಮೀಟರ್. ಮೊದಲ ಭೇಟಿ ಆಗಸ್ಟ್ ಕೊನೆಯ ಶನಿವಾರ. ಹಿಂದಿನ ವಾರವೆಲ್ಲ ಉಪಗ್ರಹ ನಕ್ಷೆ ನೋಡಿ ಹನ್ನೊಂದು ಹೊಂಡಗಳನ್ನು ಗುರುತು ಹಾಕಿಕೊಂಡಿದ್ದೆ. ಪರದೆಯ ಮೇಲೆ ಒಂದೊಂದೂ ನೀಲಮಣಿ.

ದೂರದ ಬೆಟ್ಟ ನುಣ್ಣಗೆ ಎನ್ನುವುದು ಉಪಗ್ರಹಕ್ಕೂ ಸಲ್ಲುತ್ತದೆ. ಮೊದಲನೆಯದು ಆಳೆತ್ತರದ ಜೊಂಡು ತುಂಬಿ ನೀರೇ ಕಾಣದಂತಿತ್ತು. ಎರಡನೆಯದು ಬತ್ತಿ ಬಿರುಕು ಬಿಟ್ಟಿತ್ತು. ಮೂರನೆಯದು ಸಾರ್ವಜನಿಕ ನೀರೇ, ಆದರೆ ಸುತ್ತಲೂ ಖಾಸಗಿ ಜಮೀನು, ಕಾಲಿಡಲು ದಾರಿಯಿಲ್ಲ. ಇಲ್ಲಿ ಬೆಳೆಭೂಮಿಗೆ 'ಪ್ರವೇಶವಿಲ್ಲ' ಎಂಬ ಫಲಕ ಬೇಕಿಲ್ಲ. ಫಲಕವಿರಲಿ ಇಲ್ಲದಿರಲಿ, ಒಡೆಯನ ಒಪ್ಪಿಗೆಯಿಲ್ಲದೆ ಒಳಗೆ ಹೋದರೆ ಅಪರಾಧ. ನಾಲ್ಕನೆಯದರಲ್ಲಿ ನೀರೂ ಇತ್ತು, ದಾರಿಯೂ ಇತ್ತು. ದಂಡೆ ಗಟ್ಟಿಯಾಗಿದೆ ಎಂದುಕೊಂಡು ಹೆಜ್ಜೆ ಇಟ್ಟೆ, ಹುದುಲು ತೊಡೆಯವರೆಗೆ ನುಂಗಿತು. ಕಾಲು ಹೊರಗೆ ಬಂತು, ಬೂಟು ಬರಲಿಲ್ಲ. ಮಂಡಿಯೂರಿ, ತೋಳನ್ನು ಭುಜದವರೆಗೆ ಕೆಸರಿಗೆ ಇಳಿಸಿ, ಕೊಳೆತ ಮೊಟ್ಟೆಯ ವಾಸನೆ ಕುಡಿಯುತ್ತ ಬೂಟನ್ನು ಕಿತ್ತೆ. ಕೈ ಕೆಸರಾಯಿತು, ಮೊಸರು ಮಾತ್ರ ಆ ದಿನ ಸಿಗಲಿಲ್ಲ. ಒಬ್ಬರೇ ಹೋಗುವವರು ಉದ್ದನೆಯ ಕೋಲು ಹಿಡಿದು, ನೆಲ ಚುಚ್ಚಿ ನೋಡಿಯೇ ಹೆಜ್ಜೆ ಇಡಿ. ಯಾವ ಹೊಂಡಕ್ಕೆ ಹೋಗುತ್ತಿದ್ದೀರಿ ಎಂದು ಮನೆಯಲ್ಲಿ ಒಬ್ಬರಿಗಾದರೂ ಬರೆದು ಕೊಟ್ಟಿರಿ.

ರಾತ್ರಿ ಮರಳಿ ಅಜ್ಜನಿಗೆ ವರದಿ ಒಪ್ಪಿಸಿದೆ. ಎಷ್ಟು ಆಳ, ಎಷ್ಟು ಅಗಲ, ಎಲ್ಲಿ ಕಾರು ನಿಲ್ಲಿಸಬಹುದು, ಎಲ್ಲ ಹೇಳಿದೆ. ಅವರು ಕೇಳಿದ್ದು, "ಬಾತು ಎಷ್ಟಿದ್ದವು?" ಎಣಿಸಿರಲಿಲ್ಲ. ನಾನು ದಿನವಿಡೀ ನೋಡಿದ್ದು ನೀರನ್ನು.

ನಾಚಿಕೆಯಾಯಿತು, ಏಕೆಂದರೆ ಇದು ನನಗೆ ಗೊತ್ತಿರಬೇಕಾದ ವಿದ್ಯೆ. ಸಂಜೆ ಹೆಬ್ಬಾತುಗಳು ಕೆರೆಯಿಂದ ಯಾವ ಕಡೆಗೆ ಎದ್ದವು ಎಂದು ನೋಡಿ ಯಾರ ಹೊಲಕ್ಕೆ ಇಳಿಯುತ್ತವೆ ಎಂದು ಅಪ್ಪ ಮನೆಯಂಗಳದಲ್ಲೇ ಹೇಳುತ್ತಿದ್ದ. ಅವನು ಕೆರೆಯನ್ನು ನೋಡುತ್ತಿರಲಿಲ್ಲ, ಆಕಾಶವನ್ನು ನೋಡುತ್ತಿದ್ದ. ಎರಡನೆಯ ಭೇಟಿಗೆ ನಾನು ಒಯ್ದದ್ದು ದುರ್ಬೀನು, ಮಡಚುವ ಕುರ್ಚಿ ಮತ್ತು ನೂರು ಪುಟದ ನೋಟ್‌ಬುಕ್. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಎತ್ತರದ ರಸ್ತೆಬದಿಯಲ್ಲಿ ಕುಳಿತು ಹಾರುವ ಪ್ರತಿ ಗುಂಪಿಗೂ ಸಮಯ, ಎಣಿಕೆ, ದಿಕ್ಕು, ಗಾಳಿ ಬರೆದುಕೊಂಡೆ. ಅರ್ಧಕ್ಕರ್ಧ ಗುಂಪುಗಳು ಒಂದೇ ಕೆರೆಯತ್ತ ಹೋದವು. ಹಿಂಬಾಲಿಸಿ ಹೋದರೆ, ಕೆರೆಯ ತುಂಬ ಬಾತು! ಎದೆ ಹೊಡೆದುಕೊಂಡಿತು. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟೆ, ಬೇಲಿಯ ಕಂಬದ ಮೇಲೆ ಫಲಕ ಕಂಡಿತು. ಸರ್ಕಾರ ಘೋಷಿಸಿದ ರಕ್ಷಿತಧಾಮ, ಬೇಟೆ ನಿಷೇಧ. ಆ ಫಲಕವನ್ನು ನಾನು ಈಗ ಓದಿದೆ, ಬಾತುಗಳು ಯಾವತ್ತೋ ಓದಿಕೊಂಡಿವೆ. ಹೋಗುವ ಮೊದಲೇ ನಕ್ಷೆಯ ಮೇಲೆ ರಕ್ಷಿತಧಾಮಗಳ ಗಡಿ ನೋಡಿಕೊಂಡಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಆದರೂ ಆ ಸಂಜೆ ಪೂರ್ತಿ ದಂಡವಾಗಲಿಲ್ಲ. ರಾತ್ರಿ ತಂಗುವ ನೀರು ಗೊತ್ತಾದರೆ, ಬೆಳಿಗ್ಗೆ ಅಲ್ಲಿಂದ ಎದ್ದವು ಎಲ್ಲಿಗೆ ಹೋಗುತ್ತವೆ ಎಂದು ನೋಡಬಹುದು. ತಂಗುವ ನೀರಿನ ಹತ್ತಿರ ಮಾತ್ರ ಹೋಗಬಾರದು, ಕಾನೂನು ಬಿಟ್ಟರೂ. ಒಮ್ಮೆ ಬೆದರಿಸಿ ಎಬ್ಬಿಸಿದರೆ ಆ ಸೀಮೆಯನ್ನೇ ಬಿಟ್ಟು ಹೋಗುತ್ತವೆ ಎಂದು ಅಜ್ಜ ಮೂರು ಬಾರಿ ಹೇಳಿದ್ದರು.

ಇದೇ ವಾರ ನಾನು ಒಂದು ದುಬಾರಿ ಮೂರ್ಖತನವನ್ನೂ ಮಾಡಿದೆ. ಹೊಂಡ ದಾಟಲು ಬೇಕಾಗುತ್ತದೆ ಎಂದು 300 ಡಾಲರ್ ಕೊಟ್ಟು ಹದಿನಾರು ಅಡಿಯ ಹಳೆಯ ಕನೂ ದೋಣಿ ತಂದೆ. ಹತ್ತು ಅಡಿಗಿಂತ ಉದ್ದವಾದರೆ ಹುಟ್ಟು ಹಾಕುವ ದೋಣಿಗೂ ಇಲ್ಲಿ ನೋಂದಣಿ ಬೇಕು. ಮಾರಿದವರ ಬಳಿ ಹಳೆಯ ಕಾಗದ ಇರಲಿಲ್ಲ, ಅದಕ್ಕಾಗಿ ಕಚೇರಿಗೆ ಎರಡು ಬಾರಿ ಅಲೆದೆ. ಕಡೆಗೆ ನಾನು ಕಂಡುಕೊಂಡ ಜಾಗದಲ್ಲಿ ನೀರು ಮೊಣಕಾಲುದ್ದ. ದೋಣಿ ಈಗ ಗ್ಯಾರೇಜಿನಲ್ಲಿ ಮಗನ ಸೈಕಲ್ಲಿಗೆ ಒರಗಲು ಗೋಡೆಯಾಗಿದೆ. ಜಾಗ ಸಿಗುವವರೆಗೆ ಏನನ್ನೂ ಕೊಳ್ಳಬೇಡಿ.

ಮೂರನೆಯ ಭೇಟಿ ಸೆಪ್ಟೆಂಬರ್ ಮಧ್ಯದಲ್ಲಿ. ಬೆಳಗಿನ ಐದೂವರೆಗೆ ಜಲ್ಲಿ ರಸ್ತೆಯ ಬದಿಗೆ ಕಾರು ನಿಲ್ಲಿಸಿ ಕುಳಿತಿದ್ದೆ. ಬೆಳಕು ಹರಿದ ಮೇಲೆ ಒಂದು ಪಿಕಪ್ ಬಂದು ಪಕ್ಕದಲ್ಲೇ ನಿಂತಿತು. ಕಿಟಕಿ ಇಳಿಯಿತು. ಅರವತ್ತರ ಆಸುಪಾಸಿನ ರೈತ, ತಲೆಯ ಮೇಲೆ ಬೀಜದ ಕಂಪನಿಯ ಟೋಪಿ. ಅರ್ಧ ಗಂಟೆಯಿಂದ ನೋಡುತ್ತಿದ್ದೇನೆ, ಏನು ವಿಷಯ ಎಂದು ಕೇಳಿದರು. ನನ್ನಂಥ ಮೈಬಣ್ಣದವನು ದುರ್ಬೀನು ಹಿಡಿದು ಅವರ ಮನೆಯ ಕಡೆಗೆ ಮುಖ ಮಾಡಿ ಕುಳಿತರೆ ಕೇಳದೆ ಇರುತ್ತಾರೆಯೇ? ಗಂಟಲು ಒಣಗಿತು. ನೋಟ್‌ಬುಕ್ ತೆಗೆದು ಕೊಟ್ಟೆ. ಅದರಲ್ಲಿ ಅಂಕಿಗಳನ್ನು ಬಿಟ್ಟರೆ ಇದ್ದದ್ದೆಲ್ಲ ಕನ್ನಡ. ಅವರು ಪುಟ ತಿರುವಿ, "ಇದು ಯಾವ ಲಿಪಿ?" ಎಂದರು. ಅಲ್ಲಿಂದ ಮಾತು ಹೊರಟಿತು. ಅಪ್ಪ ಏನು ಬೆಳೆಯುತ್ತಿದ್ದರು ಎಂದು ಕೇಳಿದರು. ಶೇಂಗಾ, ಜೋಳ, ಕಡಲೆ ಎಂದೆ. ಮಳೆ ಹೇಗೆ ಎಂದರು. ಬಂದರೆ ಬಂತು ಎಂದೆ. ಅವರು ತಮ್ಮ ಸೋಯಾ ಹೊಲದ ಕಡೆಗೆ ನೋಡಿ ತಲೆಯಾಡಿಸಿದರು.

ಧೈರ್ಯ ಮಾಡಿ, ನಿಮ್ಮ ಹೊಂಡದ ಬಳಿ ಕೂರಬಹುದೇ ಎಂದು ಕೇಳಿದೆ. ಸಾಧ್ಯವಿಲ್ಲ, ಅದು ಮೊಮ್ಮಕ್ಕಳಿಗೆ ಎಂದರು. ಅದು ನನಗೆ ಸಿಕ್ಕ ಆರನೆಯ 'ಇಲ್ಲ'. ಹಿಂದಿನ ಐದನ್ನು ಬಾಗಿಲು ಬಡಿದು ಪಡೆದಿದ್ದೆ, ಎಲ್ಲವೂ ಸೌಜನ್ಯದ 'ಇಲ್ಲ'ಗಳೇ. ಆದರೆ ಈ ಮನುಷ್ಯ ಗೇರ್ ಹಾಕುವ ಮೊದಲು ಒಂದು ಮಾತು ಸೇರಿಸಿದರು. ಅಗೋ ಆ ಸರ್ಕಾರಿ ಜೌಗು ಇದೆಯಲ್ಲ, ಎಲ್ಲರೂ ದಕ್ಷಿಣದಲ್ಲಿ ಕಾರು ನಿಲ್ಲಿಸಿ ಅಲ್ಲೇ ಕೂರುತ್ತಾರೆ, ಉತ್ತರದಿಂದ ಮುಕ್ಕಾಲು ಮೈಲಿ ನಡೆಯುವ ತಾಳ್ಮೆ ಯಾರಿಗೂ ಇಲ್ಲ.

ಅದು ಜಲಪಕ್ಷಿಗಳ ಸಂತಾನಕ್ಕೆಂದು ಫೆಡರಲ್ ಸರ್ಕಾರ ಕೊಂಡು ಉಳಿಸಿದ ಜಾಗಗಳಲ್ಲಿ ಒಂದು. ಇಂಥವು ಈ ಭಾಗದಲ್ಲಿ ಬಹಳ ಇವೆ, ಸಾಮಾನ್ಯವಾಗಿ ಬೇಟೆಗೆ ತೆರೆದಿರುತ್ತವೆ. ನನ್ನ ಹನ್ನೊಂದು ಗುರುತುಗಳಲ್ಲಿ ಅದು ಏಳನೆಯದು. ದಕ್ಷಿಣದಿಂದ ಒಮ್ಮೆ ಇಣುಕಿ, ಖಾಲಿ ಎಂದು ಗೀಟು ಹಾಕಿದ್ದೆ.

ಮಧ್ಯಾಹ್ನ, ಹಕ್ಕಿಗಳು ಅಲ್ಲಿಲ್ಲದ ಹೊತ್ತು ನೋಡಿಕೊಂಡು ಉತ್ತರದಿಂದ ನಡೆದೆ. ಹುಲ್ಲು ಎದೆಯೆತ್ತರ, ಬೆವರು, ಸೊಳ್ಳೆ, ಪ್ಯಾಂಟಿನ ಮೇಲೆ ಉಣ್ಣೆಹುಳು. ಜೊಂಡು ಸರಿಸಿದಾಗ ಕೋಣೆಯೊಂದರ ಹಾಗೆ ಮರೆಯಾದ ನೀರು ಕಂಡಿತು. ಬಾತು ಒಂದೂ ಇರಲಿಲ್ಲ. ಆದರೆ ಗಾಳಿ ತಳ್ಳಿದ ಕಡೆಯ ದಂಡೆಯಲ್ಲಿ ನೀರಿನ ಅಂಚಿಗೆ ಬೆಳ್ಳಗೆ ಒಂದು ಗೆರೆ. ಬಗ್ಗಿ ನೋಡಿದರೆ ಪುಕ್ಕ. ಬೆರಳಿನ ಉಗುರಿನಷ್ಟು ಚಿಕ್ಕವು, ದೋಣಿಯ ಹಾಗೆ ಬಾಗಿದವು, ಒಂದಕ್ಕೊಂದು ಅಂಟಿಕೊಂಡು ಮಾರುದ್ದ ಸಾಲು. ಕೆಲವುಗಳ ಮೇಲೆ ನೀರಹನಿ ಒದ್ದೆ ಮಾಡದೆ ಮಣಿಯಾಗಿ ನಿಂತಿತ್ತು. ಕೆಸರಿನಲ್ಲಿ ಮೂರು ಬೆರಳಿನ, ನಡುವೆ ಪೊರೆಯಿರುವ ಹೆಜ್ಜೆಗಳು. ಒಂದರ ಮೇಲೊಂದು ಬಿದ್ದು ನೆಲವೇ ಹೊಲಿಗೆ ಹಾಕಿದ ಬಟ್ಟೆಯಂತಿತ್ತು. ದಂಡೆಯ ಮೇಲೆ ಹಿಕ್ಕೆ, ಅದೂ ಹಸಿ. ಬಾತುಗಳು ಇಲ್ಲಿ ಬಂದು, ಕುಳಿತು, ಮೈ ಒಪ್ಪ ಮಾಡಿಕೊಂಡು ಹೋಗುತ್ತಿದ್ದವು, ದಿನವೂ. ನೀವು ಹೊಂಡ ನೋಡಲು ಹೋದಾಗ ಬಾತು ಕಾಣದಿದ್ದರೆ ಈ ಪುಕ್ಕದ ಗೆರೆಯನ್ನು ಹುಡುಕಿ. ಗಾಳಿ ಬರುವ ಕಡೆಯ ದಂಡೆಯಲ್ಲಲ್ಲ, ಗಾಳಿ ಹೋಗಿ ಮುಟ್ಟುವ ದಂಡೆಯಲ್ಲಿ.

ಐದೇ ನಿಮಿಷ ನಿಂತು ಹೊರಟುಬಂದೆ. ಸಂಜೆ ಅರ್ಧ ಮೈಲಿ ದೂರದ ದಿಬ್ಬದಿಂದ ಎಣಿಸಿದೆ: ಇಪ್ಪತ್ತೈದು ನಿಮಿಷದಲ್ಲಿ ಅರವತ್ತೆರಡು, ಹೆಚ್ಚಿನವು ನೀಲಿ ರೆಕ್ಕೆಯ ಟೀಲ್ ಎಂಬ ಸಣ್ಣ ಬಾತು. ಗಾತ್ರದಲ್ಲಿ ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡವು, ಬಟ್ಟೆ ಹರಿದಂತೆ ಸರ್ರನೆ ಸದ್ದು ಮಾಡಿ ಬಂದು ಇಳಿಯುತ್ತವೆ.

ಎಲ್ಲಿ ಕೂರುವುದು ಎಂಬುದಕ್ಕೂ ಲೆಕ್ಕವಿದೆ. ಬಾತು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತದೆ, ಆದ್ದರಿಂದ ಗಾಳಿ ಬೆನ್ನಿಗಿದ್ದರೆ ಅದು ನಿಮ್ಮ ಎದುರಿಗೇ ಬರುತ್ತದೆ. ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಇಲ್ಲವಾದರೆ ಕಣ್ಣಿಗೆ ಬೆಳಕು ಹೊಡೆದು ಬಂದದ್ದು ಯಾವ ಹಕ್ಕಿ ಎಂದೇ ತಿಳಿಯುವುದಿಲ್ಲ. ತಿಳಿಯಲೇಬೇಕು. ದಿನಕ್ಕೆ ಒಬ್ಬರಿಗೆ ಆರು ಬಾತು, ಅದರಲ್ಲಿ ಮಲ್ಲಾರ್ಡ್ ಎಂಬ ಜಾತಿಯವು ನಾಲ್ಕು ಮೀರಬಾರದು, ಆ ನಾಲ್ಕರಲ್ಲಿ ಹೆಣ್ಣು ಎರಡು ಮೀರಬಾರದು. ಇದು ನಾನು ಹೋದ ವರ್ಷದ ಮಿತಿ, ನಿಮ್ಮ ವರ್ಷದ್ದನ್ನು ನೋಡಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಗಂಡುಗಳ ಹಸಿರು ತಲೆ ಇನ್ನೂ ಪೂರ್ತಿ ಬಂದಿರುವುದಿಲ್ಲ, ಎಲ್ಲವೂ ಒಂದೇ ಕಂದು. ಕೊಕ್ಕು ನೋಡಿ ಎಂದರು ಅಜ್ಜ. ಗಂಡಿನದು ಹಳದಿ ಮಿಶ್ರಿತ ಹಸಿರು, ಹೆಣ್ಣಿನದು ಕಿತ್ತಳೆಯ ಮೇಲೆ ಕಪ್ಪು ಮಚ್ಚೆ. ಕತ್ತಲೆ ಕರಗುವ ಹೊತ್ತಿನಲ್ಲಿ, ಹಾರುವ ಹಕ್ಕಿಯ ಕೊಕ್ಕು! ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನು ಬರೆದುಕೊಂಡದ್ದು: ಗೊತ್ತಾಗದಿದ್ದರೆ ಹೊಡೆಯಬೇಡ.

ಬೇಟೆಯ ಋತು ತೆರೆಯುವ ಶನಿವಾರದ ಹಿಂದಿನ ಬುಧವಾರ, ರಜೆ ಹಾಕಿ ನಾಲ್ಕನೆಯ ಬಾರಿ ಹೋದೆ. ಎರಡು ವಾರದ ಹಿಂದೆ ಕಂಡದ್ದು ಇಂದು ಇರುತ್ತದೆ ಎಂದು ನಂಬುವಂತಿಲ್ಲ. ಇದ್ದವು, ನಲವತ್ತು. ಆ ರಾತ್ರಿ ಮೋಟೆಲ್‌ನಲ್ಲಿ ನಿದ್ದೆ ಬರಲಿಲ್ಲ. ಹೊಡೆಯಲೆಂದೇ ಇಷ್ಟು ಹತ್ತಿರದಿಂದ ಯಾವ ಜೀವವನ್ನೂ ನಾನು ಹಿಂದೆ ನೋಡಿರಲಿಲ್ಲ.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ತಲುಪಿದಾಗ ದಕ್ಷಿಣದ ಬಯಲಿನಲ್ಲಿ ಆಗಲೇ ಐದು ಪಿಕಪ್‌ಗಳು. ಉತ್ತರದಲ್ಲಿ ಒಂದೂ ಇಲ್ಲ. ಹಾರುವ ಬಾತುಗಳನ್ನು ಸೆಳೆಯಲು ನೀರಿನಲ್ಲಿ ತೇಲಿಬಿಡುವ ಅಜ್ಜನ ಒಂದು ಡಜನ್ ಪ್ಲಾಸ್ಟಿಕ್ ಬಾತುಗಳನ್ನು ಬೆನ್ನ ಮೇಲೆ ಹೊತ್ತು, ತಲೆಗೆ ದೀಪ ಕಟ್ಟಿಕೊಂಡು ಮುಕ್ಕಾಲು ಮೈಲಿ ನಡೆದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಗುಂಡು ಹಾರಿಸಲು ಅನುಮತಿ. ಆ ಗಳಿಗೆಗೆ ಸರಿಯಾಗಿ ದಕ್ಷಿಣದಲ್ಲಿ ದೀಪಾವಳಿ ಶುರುವಾಯಿತು. ಅಲ್ಲಿಂದ ಬೆದರಿದ್ದೆಲ್ಲ ನನ್ನ ಮೂಲೆಗೆ ಬಂದವು. ಮೊದಲ ಮೂರು ಗುಂಪು ಯಾವ ಜಾತಿ ಎಂದು ಗುರುತಿಸಲಾಗದೆ ಬಿಟ್ಟುಬಿಟ್ಟೆ. ನಾಲ್ಕನೆಯದು ತಿರುಗಿದಾಗ ಹೆಗಲ ಮೇಲಿನ ತಿಳಿನೀಲಿ ಕಂಡಿತು. ಒಂಬತ್ತು ಗಂಟೆಯ ಹೊತ್ತಿಗೆ ಎರಡು ಟೀಲ್, ಹನ್ನೊಂದು ಖಾಲಿ ತೋಟಾ. ಮೊದಲನೆಯದನ್ನು ನೀರಿನಿಂದ ಎತ್ತಿಕೊಂಡಾಗ ಇನ್ನೂ ಬೆಚ್ಚಗಿತ್ತು. ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದೆ. ಅದರ ಬಗ್ಗೆ ಇನ್ನೇನೂ ಬರೆಯಲಾರೆ.

ಒಯ್ಯುವಾಗ ಒಂದು ನೆನಪಿರಲಿ: ಮನೆ ಮುಟ್ಟುವವರೆಗೆ ತಲೆ ಅಥವಾ ಪುಕ್ಕಸಹಿತ ಒಂದು ರೆಕ್ಕೆ ದೇಹಕ್ಕೆ ಅಂಟಿಕೊಂಡೇ ಇರಬೇಕು, ತಪಾಸಣೆಯವರು ಜಾತಿ ಗುರುತಿಸುವುದು ಅದರಿಂದಲೇ. ಅಜ್ಜನಿಗೆ ಒಂದು ಕೊಟ್ಟೆ. ಇನ್ನೊಂದನ್ನು ಹೆಂಡತಿ ಒಳ್ಳೆಯ ಪಾತ್ರೆ ಕೊಡದೆ, ಹಳೆಯ ಬಾಣಲೆಯಲ್ಲಿ ನಾನೇ ಹುರಿದುಕೊಳ್ಳುವಂತೆ ಮಾಡಿದಳು. ಪೆಟ್ರೋಲು, ಮೋಟೆಲು, ದೋಣಿ, ಕೋವಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಬಾತೊಂದಕ್ಕೆ 500 ಡಾಲರ್ ದಾಟುತ್ತದೆ. ಇದನ್ನು ಅವಳಿಗೆ ಹೇಳಿಲ್ಲ.

ಮುಂದಿನ ಗುರುವಾರ ಉತ್ತರದ ಚಳಿಗಾಳಿ ಬೀಸಿತು. ಶುಕ್ರವಾರ ಸಂಜೆ ಅದೇ ದಿಬ್ಬದ ಮೇಲೆ ಕುರ್ಚಿ ಹಾಕಿ ಕತ್ತಲಾಗುವವರೆಗೆ ಕುಳಿತೆ. ಟೀಲ್‌ಗಳು ಚಳಿಗೆ ಮೊದಲು ಹೊರಡುವ ಜಾತಿ, ಒಂದೂ ಉಳಿದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ದಿನಾಂಕ, ವಾಯವ್ಯ ಗಾಳಿ, ಸೊನ್ನೆ ಎಂದು ಬರೆದೆ. ಮನೆಗೆ ಬಂದು ಅವ್ವನಿಗೆ ಫೋನ್ ಮಾಡಿದರೆ, ಮಾಗಡಿ ಕೆರೆಗೆ ಹೆಬ್ಬಾತು ಇನ್ನೂ ಬಂದಿಲ್ಲ, ಅವು ಬರುವುದು ದೀಪಾವಳಿ ಕಳೆದ ಮೇಲೆ ಎಂದಳು.